ಏಳು ಹೊಡಿ, ಮಗುಚು

ಮಾರ್ಚ್ ೩, ಮಂಗಳವಾರ

ಮಗಳು ಬಂದಿದ್ದಳು. ಮುಂದೆ ಹೊಟ್ಟೆ, ಹಿಂದೆ ಅವಳು. ಬಸ್ ಓಡಿಸುವುದನ್ನು ಬಿಡಿಸಿ ಡಿಪೋದಲ್ಲಿ ಕುರ್ಚಿ ಕೊಟ್ಟಿದ್ದಾರಂತೆ. ದಿನಕ್ಕೆ ನೂರಾರು ಜನರನ್ನು ಹೊತ್ತು ತಿರುಗುತ್ತಿದ್ದವಳಿಗೆ ಕೂತು ಕೂತು ಬೇಸರ ಬಂದಿದೆ.

ಹಾಸಿಗೆ ಹೊಲಿಯುವ ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹಾಸಿದಳು. ತುಂಬ ಚೌಕಗಳು. ಎಲ್ಲಕ್ಕಿಂತ ಮೇಲಿನದು ಹಡಗು ಹತ್ತಿ ಈ ದೇಶಕ್ಕೆ ಬಂದ ನನ್ನ ಮುತ್ತಜ್ಜನದು. ಪಕ್ಕದಲ್ಲಿ ಮುತ್ತಜ್ಜಿ. ಕೆಳಗೆ ಅಜ್ಜ, ಅವನ ಕೆಳಗೆ ಅಪ್ಪ, ಆಮೇಲೆ ನಾನು ಮತ್ತು ತಮ್ಮ, ಆಮೇಲೆ ಅವಳು. ಕಟ್ಟಕಡೆಗೆ ಪೆನ್ಸಿಲಿನಲ್ಲಿ ಒಂದು ಪುಟ್ಟ ಚೌಕ. ಪ್ರತಿ ಚೌಕದಲ್ಲೂ ಎರಡು ಗೆರೆ. ಮೇಲೆ ‘ಇವರನ್ನು ಹೊಡೆದವರು’, ಕೆಳಗೆ ‘ಇವರು ಹೊಡೆದದ್ದು’.

ನಕ್ಕುಬಿಟ್ಟೆ. ನದೀಮೂಲ ಋಷಿಮೂಲ ಕೇಳಬಾರದು ಅಂತಾರೆ, ಹಾಸಿಗೆಯವರ ಮೂಲ ಕೆದಕಿದರೆ ಹಳೇ ಹತ್ತಿ ಬಿಟ್ಟು ಇನ್ನೇನು ಸಿಕ್ಕೀತು ಎಂದೆ. ಅವಳು ನಗಲಿಲ್ಲ.

“ಹೆರಿಗೆಯಾಗಿ ಮೂರು ತಿಂಗಳಿಗೆ ನಾನು ಕೆಲಸಕ್ಕೆ ಹೋಗ್ಬೇಕು. ಮಗೂನ ನಿನ್ನ ಹತ್ರ ಬಿಡೋ ಆಸೆ ಇದೆ ಅಮ್ಮ. ಆದ್ರೆ ಈ ಮನೆ ಕೈ ಎಲ್ಲಿಂದ ಬಂತು, ಎಲ್ಲಿಗೆ ಬಂದು ನಿಂತಿದೆ ಅಂತ ನನಗೆ ಮೊದಲು ಗೊತ್ತಾಗ್ಬೇಕು.”

ನನ್ನಲ್ಲಿಗೇ ಬಂದು ನಿಂತಿದೆ ಎಂದೆ. ನಾನು ಅವಳ ಮೇಲೆ ಒಂದು ದಿನವೂ ಬೆತ್ತ ಎತ್ತಿಲ್ಲ. ಎತ್ತಬೇಕೆನಿಸಿದ ದಿನಗಳಿಗೆ ಲೆಕ್ಕವಿಲ್ಲ, ಆದರೆ ಅದಕ್ಕೆಂದು ಗೋಡೆಯಿಂದ ಇಳಿಸಿಲ್ಲ. ಅವಳೆದುರಿಗೇ ನನ್ನ ಚೌಕದ ಕೆಳಗೆರೆಯ ಮೇಲೆ ಒಂದು ಅಡ್ಡಗೀಟು ಎಳೆದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಅಜ್ಜನನ್ನು, ಅಂದರೆ ನನ್ನ ಅಪ್ಪನನ್ನು, ಕೇಳಿ ಹಾಳೆ ತುಂಬಿಸು ಎಂದು ಹೇಳಿ ಹೋಗಿದ್ದಾಳೆ. ಹಾಳೆ ಅವಳಿಗೆ. ಈ ನೋಟ್‌ಬುಕ್ಕು ನನಗೆ, ಇದನ್ನು ಯಾರಿಗೂ ತೋರಿಸುವುದಿಲ್ಲ. ಇಲ್ಲಿ ನಿಜ ಬರೆಯಬಹುದು: ಆ ಮಗು ನನಗೆ ಬೇಕು. ಇವರು, ನನ್ನ ಯಜಮಾನರು, ತೀರಿಹೋಗಿ ಒಂಬತ್ತು ವರ್ಷವಾಯಿತು. ಈ ಮನೆಯಲ್ಲಿ ಮಲಗಿದ ಅಪ್ಪನೊಬ್ಬ, ಹತ್ತಿ ಬಡಿಯುವವಳೊಬ್ಬಳು. ಅಂಗಡಿಯಲ್ಲಿ ಹತ್ತಿಯ ಗುಡ್ಡೆಯ ಮೇಲೆ ಒಂದು ಮಗು ಕೂತಿರುವುದನ್ನು ನೋಡಬೇಕು ಎಂಬ ಆಸೆ ಹೊಟ್ಟೆಯಲ್ಲಿ ಹಸಿವಿನ ಹಾಗೆ ಕೂತಿದೆ.

ಮಾರ್ಚ್ ೫, ಗುರುವಾರ

ಗೊತ್ತಿರುವುದನ್ನು ಮೊದಲು ಬರೆದಿಡುತ್ತೇನೆ.

ಅಂಗಡಿಯ ಗೋಡೆಯಲ್ಲಿ ಎರಡು ಬೆತ್ತ ನೇತಾಡುತ್ತಿವೆ. ಪಕ್ಕದ ಮೊಳೆಗೆ ೪೧೨ ಎಂದು ಕೊರೆದ ತಗಡಿನ ಬಿಲ್ಲೆ. ಮುತ್ತಜ್ಜ ಹಡಗಿನಿಂದ ಇಳಿದಾಗ ಇಲ್ಲಿಯವರು ಅವನ ಹೆಸರು ಕೇಳಲಿಲ್ಲ, ಕೊರಳಿಗೆ ಈ ನಂಬರು ಕಟ್ಟಿ ಕಲ್ಲುಗಣಿಯ ಕ್ಯಾಂಪಿಗೆ ಅಟ್ಟಿದರು. ಅಲ್ಲಿ ಅವನನ್ನು ಹಲಗೆಗೆ ಕಟ್ಟಿ ಹೊಡೆಯುತ್ತಿದ್ದರು. ಬೆನ್ನ ತುಂಬ ಬಾಸುಂಡೆಯ ಗೆರೆ, ಅಜ್ಜ ಚಿಕ್ಕವನಿದ್ದಾಗ ಮುಟ್ಟಿ ನೋಡಿದ್ದನಂತೆ. ಒಂದು ದಿನ ಹೊಡೆಯುವವನ ಕೈಯಿಂದಲೇ ಬೆತ್ತ ಕಿತ್ತುಕೊಂಡು ಓಡಿಬಂದು, ಈ ಬೀದಿಯಲ್ಲಿ ಅದೇ ಬೆತ್ತದಿಂದ ಹತ್ತಿ ಬಡಿಯುವ ಕಸುಬು ಹಿಡಿದ. ಇದು ನಮ್ಮ ಮನೆಯ ಪುರಾಣ. ಗಿರಾಕಿಗಳಿಗೆಲ್ಲ ಬಾಯಿಪಾಠವಾಗಿದೆ.

ಹಳೇ ಹಾಸಿಗೆ ಬಿಚ್ಚಿದರೆ ಒಳಗಿನ ಹತ್ತಿ ಕಲ್ಲಾಗಿರುತ್ತದೆ. ಅದನ್ನು ಮರದ ಪಟ್ಟಿ ಹೊಡೆದ ಮಂಚದ ಮೇಲೆ ಹರಡಿ ಬಡಿಯಬೇಕು. ಏಳು ಏಟು, ಮಗುಚುವುದು, ಮತ್ತೆ ಏಳು. ಆರಕ್ಕೆ ಗಂಟು ಬಿಡುವುದಿಲ್ಲ, ಎಂಟಕ್ಕೆ ಎಳೆ ಮುರಿಯುತ್ತದೆ ಎನ್ನುತ್ತಿದ್ದ ಅಪ್ಪ. ಈ ಊರಿನ ಬೇರೆ ಯಾವ ಅಂಗಡಿಯಲ್ಲೂ ಹೀಗೆ ಎಣಿಸುವುದಿಲ್ಲ.

ನಮಗೂ ಅದೇ ಲೆಕ್ಕ. ಏಳು ಬೆನ್ನಿಗೆ. ‘ಮಗುಚು’ ಅಂದರೆ ನಾವೇ ಹೊರಳಬೇಕು, ಮತ್ತೆ ಏಳು ತೊಡೆಗೆ. ಗಟ್ಟಿಯಾಗಿ ನಾವೇ ಎಣಿಸಬೇಕು, ತಪ್ಪಿದರೆ ಮೊದಲಿನಿಂದ. ಶಾಲೆಗೆ ಸೇರುವ ಮೊದಲೇ ನನಗೆ ಏಳರವರೆಗೆ ಎಣಿಸಲು ಬರುತ್ತಿತ್ತು, ಟೀಚರು ಮೆಚ್ಚಿದ್ದರು. ಅತ್ತರೆ, ಮುತ್ತಜ್ಜನಿಗೆ ಬಿದ್ದದ್ದರ ಮುಂದೆ ಇದು ಯಾವ ಮಹಾ ಎನ್ನುತ್ತಿದ್ದ ಅಪ್ಪ. ಹದಿನಾರಾದಾಗ ನನ್ನ ತಮ್ಮ ಹೊರಳಲು ಒಲ್ಲೆ ಎಂದ. ಅಪ್ಪ ಅವನ ತೋಳು ಮುರಿದ. ಮೂಳೆ ಚರ್ಮ ಹರಿದು ಹೊರಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೋಳಿನ ಕಟ್ಟು ಬಿಚ್ಚಿದ ದಿನವೇ ಅವನು ಮನೆ ಬಿಟ್ಟು ಹೋದ.

ಅಪ್ಪನಿಗೆ ಈಗ ಎಂಬತ್ಮೂರು. ಲಕ್ವ ಹೊಡೆದು ಎಡಭಾಗ ಹೋಗಿದೆ. ನಾವೆಲ್ಲ ಎಡಚರು. ಆ ಕೈ ಈಗ ಹಿಂಡಿ ಹಾಕಿದ ಬಟ್ಟೆಯ ಹಾಗೆ ಬಿದ್ದಿದೆ. ದಿನಾ ಬೆಳಿಗ್ಗೆ ಅದನ್ನು ನಾನೇ ಎತ್ತಿ ತೊಳೆದು ಒರೆಸುತ್ತೇನೆ. ಯಾರು ಮಾಡುತ್ತಾರೆ ಹೀಗೆ?

ಮಾರ್ಚ್ ೮, ಭಾನುವಾರ

ಅಪ್ಪನ ಬಾಯಿ ಸ್ವಲ್ಪ ಬಿಟ್ಟಿತು. ಅಜ್ಜನ ಚೌಕಕ್ಕೆ ಬೇಕಾದಷ್ಟು ಸಿಕ್ಕಿದೆ.

ಹಾಸಿಗೆಯಲ್ಲಿ ಗಂಟಿದೆ ಎಂದ ಗಿರಾಕಿಯನ್ನು ಅಜ್ಜ ಬೀದಿಗೆ ಎಳೆದು, ದಬ್ಬಣವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ತೂರಿಸಿದ್ದನಂತೆ. ಆ ಮನುಷ್ಯ ಬಾಯಿ ಮುಚ್ಚಲಾಗದೆ, ದಾರ ಹಾಯಿಸಿದ ದಬ್ಬಣ ಕಚ್ಚಿಕೊಂಡೇ ಆಸ್ಪತ್ರೆಗೆ ನಡೆದು ಹೋದನಂತೆ. ಅಜ್ಜಿಗೆ ಒಂದು ಕಣ್ಣು ಇರಲಿಲ್ಲ. ಯಾಕೆ ಅಂತ ನಾನು ಇಷ್ಟು ವರ್ಷ ಕೇಳಿಯೇ ಇರಲಿಲ್ಲ. ಬೆತ್ತದ ತುದಿ ತಗುಲಿದ್ದು. “ಅವಳು ಅಡ್ಡ ಬಂದಳು, ಅವನೇನು ಬೇಕಂತ ಹೊಡೆದದ್ದಲ್ಲ” ಎಂದ ಅಪ್ಪ, ಮಳೆ ಬಿಸಿಲಿನ ವಿಷಯ ಹೇಳುವವನ ಹಾಗೆ.

ತಮ್ಮನ ತೋಳಿನ ಮಾತು ತೆಗೆದೆ. ಬಾಯಿ ಮುಚ್ಚಿಕೊಂಡ. ಗಂಜಿ ಕುಡಿಸಲು ಹೋದರೆ ನನ್ನ ಮುಖಕ್ಕೇ ಉಗಿದ. ದವಡೆ ಹಿಡಿದು ಕುಡಿಸಬೇಕಾಯಿತು. ಎರಡೂ ಕಡೆ ಬೆರಳು ಮೂಡಿವೆ. ಮುದುಕರ ಚರ್ಮವೇ ಹಾಗೆ, ಉಸಿರು ತಾಗಿದರೂ ಗುರುತು ಕೂರುತ್ತದೆ.

ಮಾರ್ಚ್ ೧೩, ಶುಕ್ರವಾರ

ದಾಖಲೆ ಕಚೇರಿಗೆ ಹೋಗಿದ್ದೆ. ನೆಲಮಾಳಿಗೆ, ಕಬ್ಬಿಣದ ಕಪಾಟುಗಳು, ಕೆಮ್ಮು ತರಿಸುವ ಧೂಳು. ನನಗೆ ಧೂಳೇನು ಹೊಸದೇ? ಅಲ್ಲಿಯ ಗುಮಾಸ್ತನಿಗೆ ಎರಡು ಕನ್ನಡಕ, ಒಂದು ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಬಿಲ್ಲೆ ತೋರಿಸಿದೆ. ಹಡಗಿನ ಪಟ್ಟಿಯಲ್ಲಿ ೪೧೨ ಸಿಕ್ಕಿತು. ಗಂಡಸು, ಇಪ್ಪತ್ತೆರಡು ವರ್ಷ, ಎಡಚ, ಮೈಮೇಲೆ ಗುರುತುಗಳಿಲ್ಲ.

ಕೈಬರಹದ ಆ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ಮೈಮೇಲೆ ಗುರುತುಗಳಿಲ್ಲ! ಎಲ್ಲವನ್ನೂ ಇಲ್ಲಿಯವರೇ ಮೂಡಿಸಿದ್ದು.

ಕ್ಯಾಂಪಿನ ಆಸ್ಪತ್ರೆಯ ರಿಜಿಸ್ಟರು ಹನ್ನೊಂದು ಸಂಪುಟ ಇದೆಯಂತೆ. ಹೊಡೆತ ತಿಂದವರನ್ನೆಲ್ಲ ಅದರಲ್ಲಿ ಬರೆದಿದ್ದಾರೆ. ಶುಕ್ರವಾರ ಶುಕ್ರವಾರ ಬನ್ನಿ ಅಮ್ಮಾವ್ರೇ, ತೆಗೆದಿಟ್ಟಿರುತ್ತೇನೆ ಎಂದ.

ಮಾರ್ಚ್ ೧೭, ಮಂಗಳವಾರ

ಬಾಯಾರಿದಾಗ ಅಪ್ಪನಿಗೆ ನೆನಪು ಚುರುಕಾಗುತ್ತದೆ. ಇವತ್ತು ನೀರಿನ ಲೋಟವನ್ನು ಕಿಟಕಿಯ ಮೇಲಿಟ್ಟು ಕೂತೆ, ಅವನಿಗೆ ಕಾಣುವ ಹಾಗೆ. ಮಧ್ಯಾಹ್ನದ ಹೊತ್ತಿಗೆ ತಮ್ಮನ ತೋಳಿನ ಕಥೆ ಪೂರ್ತಿ ಹೇಳಿದ. ಅತ್ತ ಕೂಡ. ಕೊಡಲಿಲ್ಲ ಅಂತಲ್ಲ, ಹೇಳಿ ಮುಗಿಸಿದ ತಕ್ಷಣ ಕೊಟ್ಟೆ.

ಅಪ್ಪನ ಚೌಕ ತುಂಬಿತು.

ಮಾರ್ಚ್ ೨೦, ಶುಕ್ರವಾರ

ಆರು ಸಂಪುಟ ನೋಡಿದೆ. ಮನುಷ್ಯ ಮನುಷ್ಯನಿಗೆ ಇಷ್ಟು ಮಾಡಬಲ್ಲನೇ? ನಂಬರು ೯೧, ಬೆನ್ನಿನ ಚರ್ಮ ಹರಿದಿದೆ, ಮೂತ್ರದಲ್ಲಿ ರಕ್ತ. ನಂಬರು ೨೦೭, ಮೂರು ಪಕ್ಕೆಲುಬು, ಮರುದಿನ ಸತ್ತಿದ್ದಾನೆ. ನಂಬರು ೩೩೦, ವಯಸ್ಸು ಹದಿಮೂರು, ಎಣಿಸುವಾಗ ತಪ್ಪಿದ್ದರಿಂದ ಮೊದಲಿನಿಂದ ಹೊಡೆಯಲಾಯಿತು.

ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಏಳು ಬೆನ್ನಿಗೆ, ಮಗುಚಿ ಏಳು, ಎಂದು ಪ್ರತಿ ಹಾಳೆಯ ತಲೆಯ ಮೇಲೂ ಕ್ಯಾಂಪಿನ ನಿಯಮ ಅಚ್ಚಾಗಿದೆ. ಹತ್ತಿಯ ಗಂಟಿಗೂ ಎಳೆಗೂ ಅದಕ್ಕೂ ಏನೂ ಸಂಬಂಧವಿಲ್ಲ.

ಆದರೆ ೪೧೨ ಎಲ್ಲೂ ಇಲ್ಲ. ಇಷ್ಟೆಲ್ಲ ಜನ ಹೊಡೆತ ತಿಂದಿದ್ದಾರೆ, ನಮ್ಮವನೊಬ್ಬನಿಗೆ ಏನಾಗಿತ್ತು ಧಾಡಿ? ಮನೆಗೆ ಬರುವಾಗ ಸಿಟ್ಟು ಬಂದಿತ್ತು. ಬಂದವಳೇ ಎರಡು ಹಾಸಿಗೆಯ ಹತ್ತಿ ಬಡಿದು ಮುಗಿಸಿದೆ. ಪಟ್ಟಿಯೊಂದು ಮುರಿಯಿತು.

ಮಾರ್ಚ್ ೨೧, ಶನಿವಾರ

ತಮ್ಮನಿಗೆ ಫೋನ್ ಮಾಡಿದೆ. ವರ್ಷಕ್ಕೊಮ್ಮೆ ಮಾತಾಡುವವರು ನಾವು. ಹಾಳೆಯ ವಿಷಯ ಹೇಳಿದೆ. ಅವನು ಮದುವೆಯಾಗಲಿಲ್ಲ, ಮಕ್ಕಳಾಗಬಾರದು ಅಂತಲೇ ಆಗಲಿಲ್ಲ, ಅದು ನನಗೆ ಗೊತ್ತಿರಲಿಲ್ಲ. ತನ್ನ ಚೌಕದ ಕೆಳಗೆರೆಯಲ್ಲಿ ‘ಒಂದು ಬಾಗಿಲು, ಎರಡು ಕನ್ನಡಿ’ ಎಂದು ಬರಿ ಎಂದ. ಆಮೇಲೆ ಕೇಳಿದ:

“ಅಕ್ಕ, ನಿನ್ನ ಮಗಳು ಒಂಬತ್ತು ವರ್ಷದವಳಿದ್ದಾಗ ನನ್ನ ಮನೇಲಿ ಒಂದು ತಿಂಗಳು ಇದ್ದಳಲ್ಲ, ಯಾಕೆ ಅಂತ ನೆನಪಿದೆಯಾ?”

ರಜೆ ಇತ್ತು, ಅದಕ್ಕೇ ಎಂದೆ. ಅವಳ ಕಿವಿಗೆ ಆಗ ಏನೋ ಸೋಂಕು ಆಗಿತ್ತು, ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಇವರೇ ಅವಳನ್ನು ಬಸ್ಸಿಗೆ ಹತ್ತಿಸಿ ಬಂದಿದ್ದರು. ಕಿವಿಯ ಮೇಲೆ ಬೆತ್ತ ಬಿದ್ದಿಲ್ಲ, ಅಷ್ಟನ್ನು ಆಣೆ ಮಾಡಿ ಹೇಳಬಲ್ಲೆ.

ಮಾರ್ಚ್ ೨೭, ಶುಕ್ರವಾರ

ಹನ್ನೊಂದೂ ಸಂಪುಟ ಮುಗಿಯಿತು. ೪೧೨ ಇಲ್ಲ ಎಂದು ಗುಮಾಸ್ತನಿಗೆ ಹೇಳಿದೆ. ಅವನು ಮೂಗಿನ ಕನ್ನಡಕ ತೆಗೆದು ತಲೆಯ ಕನ್ನಡಕ ಇಳಿಸಿಕೊಂಡ. ಹೇಳಲೋ ಬೇಡವೋ ಎಂದು ಹಿಂದುಮುಂದು ನೋಡಿದ.

“ಅಮ್ಮಾವ್ರೇ, ನೀವು ಎಡಗಡೆ ಕಾಲಂ ಮಾತ್ರ ನೋಡ್ತಿದ್ದೀರ. ಬಲಗಡೆದು ನೋಡಿ.”

ಬಲಗಡೆಯ ಕಾಲಂ ‘ಹೊಡೆದವನು’. ನಾನು ಅದರ ಮೇಲೆ ಕೈ ಇಟ್ಟುಕೊಂಡೇ ಎರಡು ಶುಕ್ರವಾರ ಓದಿದ್ದೆ. ಕೈ ತೆಗೆದೆ. ೪೧೨. ೪೧೨. ೪೧೨. ಹಾಳೆ ತಿರುಗಿಸಿದೆ, ೪೧೨. ಆ ಹದಿಮೂರು ವರ್ಷದ ಹುಡುಗನ ಎದುರಿಗೂ ೪೧೨. ಮರುದಿನ ಸತ್ತವನ ಎದುರಿಗೂ.

ಹೊಡೆಸಿಕೊಂಡವನ ಹತ್ತಿರ ಬೆತ್ತ ಯಾಕಿರುತ್ತದೆ? ಬೆತ್ತ ಇರುವುದು ಹೊಡೆಯುವವನ ಕೈಯಲ್ಲಿ. ನಾಲ್ಕು ತಲೆಮಾರು ಆ ಗೋಡೆಯ ಕೆಳಗೆ ಉಂಡು ಮಲಗಿದ ನಮಗೆ ಯಾರಿಗೂ ಇದು ಹೊಳೆಯಲಿಲ್ಲವಲ್ಲ!

ಗುಮಾಸ್ತ ನೀರು ತಂದುಕೊಟ್ಟ. ಇಂಥದ್ದು ನಿಮಗೊಬ್ಬರಿಗೇ ಅಲ್ಲ, ಇಲ್ಲಿಗೆ ಬರುವವರೆಲ್ಲ ಎಡಗಡೆಯ ಕಾಲಮ್ಮಿನಲ್ಲೇ ಹುಡುಕುತ್ತಾರೆ ಎಂದ.

ಮಾರ್ಚ್ ೨೮, ಶನಿವಾರ

ಅಪ್ಪನಿಗೆ ಗೊತ್ತಿತ್ತು.

ಬೆತ್ತ ಕೈಗೆ ಕೊಟ್ಟ ದಿನ ಅಜ್ಜ ಹೇಳಿದ್ದನಂತೆ. ನಮಗೆ ಯಾಕೆ ಸುಳ್ಳು ಹೇಳಿದೆ ಎಂದು ಭುಜ ಹಿಡಿದು ಕೇಳಿದೆ. “ಹೊಡೆಸಿಕೊಂಡವರ ಮಕ್ಕಳು ಅಂದ್ರೆ ಜನ ಕರೆದು ಕೆಲಸ ಕೊಡ್ತಾರೆ. ಹೊಡೆದವರ ಮಕ್ಕಳು ಅಂದ್ರೆ ಕೊಡ್ತಾರಾ?” ಎಂದ. ಹಾಗಾದರೆ ಬೆನ್ನಿನ ಗೆರೆಗಳು? ಅಜ್ಜ ಕಣ್ಣಾರೆ ಕಂಡದ್ದು, ಕೈಯಿಂದ ಮುಟ್ಟಿದ್ದು ಸುಳ್ಳೇ? ಅಪ್ಪ ಮುಖ ತಿರುಗಿಸಿ ದಿಂಬಿನೊಳಗೆ ಹುದುಗಿಸಿಕೊಂಡ.

ಆ ದಿಂಬನ್ನು ನಾನು ನೋಡಿದಾಗಿನಿಂದ ಅವನು ಯಾರಿಗೂ ಬಿಚ್ಚಲು ಕೊಟ್ಟಿಲ್ಲ. ಊರಿನವರ ದಿಂಬೆಲ್ಲ ಬಿಚ್ಚಿ ತುಂಬುವ ಮನೆಯಲ್ಲಿ ಅದೊಂದು ಕಲ್ಲಾಗಿ ಉಳಿದಿತ್ತು. ಹಾಸಿಗೆಯವರು ಬಚ್ಚಿಡುವುದಿದ್ದರೆ ಪೆಟ್ಟಿಗೆಯಲ್ಲಿಡುವುದಿಲ್ಲ, ಹೊಲಿದಿಡುತ್ತಾರೆ. ತಲೆಯಡಿಯಿಂದ ಎಳೆದುಕೊಂಡೆ. ಅವನ ತಲೆ ಮಂಚದ ಕಂಬಿಗೆ ಬಡಿಯಿತು. ಬಲಗೈಯಿಂದ ನನ್ನ ಕೂದಲು ಹಿಡಿದ. ಬಿಡಿಸಿಕೊಂಡೆ. ಅವನ ಕಿರುಬೆರಳು ಈಗ ಸ್ವಲ್ಪ ಊದಿದೆ.

ಕತ್ತರಿ ಹಾಕಿ ಹರಿದೆ. ಹತ್ತಿಯ ನಡುವೆ ಇನ್ನೊಂದು ಬಿಲ್ಲೆ. ೩೮೮.

“ಬೆನ್ನ ಮೇಲೆ ಗೆರೆ ಇದ್ದದ್ದು ಅವನಿಗಲ್ಲ” ಎಂದ ಅಪ್ಪ. “ನಿನ್ನ ಮುತ್ತಜ್ಜಿಗೆ.”

ಏಪ್ರಿಲ್ ೧, ಬುಧವಾರ

ವಾರಕ್ಕೆರಡು ಸಲ ಬರುವ ನರ್ಸಮ್ಮ ಅಪ್ಪನ ಬೆರಳು ನೋಡಿ, ಹಣೆ ನೋಡಿ, ಏನಾಯಿತು ಎಂದಳು. ಮಂಚದ ಕಂಬಿ ತಾಗಿತು ಎಂದೆ. ಸುಳ್ಳಲ್ಲ. ದವಡೆಯ ಕಂದಿದ ಗುರುತು ಮುಟ್ಟಿ, “ಇದು ಯಾವ ಕಂಬಿ ಅಮ್ಮಾ?” ಎಂದಳು. ಇವರಿಗೆಲ್ಲ ಬಾಯಿ ಜಾಸ್ತಿಯಾಗಿದೆ. ತಮ್ಮ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಎಣಿಸುವ ಜನ. ನಾಳೆಯಿಂದ ಬರಬೇಡ ಎಂದು ಹೇಳಿಬಿಟ್ಟೆ.

ಏಪ್ರಿಲ್ ೨, ಗುರುವಾರ

ಶುಕ್ರವಾರದವರೆಗೆ ಕಾಯಲಾಗಲಿಲ್ಲ. ಗುಮಾಸ್ತ ಮಾತಿಲ್ಲದೆ ಐದನೇ ಸಂಪುಟ ತೆಗೆದುಕೊಟ್ಟ.

ನಂಬರು ೩೮೮. ಹೆಂಗಸು, ಹತ್ತೊಂಬತ್ತು ವರ್ಷ. ಕೆಲಸಕ್ಕೆ ತಡ. ಏಳು ಬೆನ್ನಿಗೆ, ಮಗುಚಿ ಏಳು. ಐದು ತಿಂಗಳ ಗರ್ಭ ಹೋಗಿದೆ. ಹೊಡೆದವನು ೪೧೨.

ಮಗುಚಿ ಏಳು.

ಮೊದಲು ಓದಿದ ಆರು ಸಂಪುಟದಲ್ಲಿ ಇದೂ ಇತ್ತು. ಆಗ ಯಾರೋ ಒಬ್ಬಳು ಎಂದು ಹಾಳೆ ತಿರುಗಿಸಿದ್ದೆ.

ಇನ್ನೊಂದು ಪುಸ್ತಕದಲ್ಲಿ, ಎಂಟು ತಿಂಗಳ ನಂತರ, ೪೧೨ ಮತ್ತು ೩೮೮ ಇಬ್ಬರಿಗೂ ಮದುವೆಯ ಪರವಾನಗಿ ಕೊಟ್ಟಿದ್ದಾರೆ. ನಾನು ಹುಟ್ಟಿದ್ದು ಇವರಿಬ್ಬರಿಂದ. ಅವಳ ಬೆನ್ನಿನ ಗೆರೆಗಳನ್ನು ಕಿತ್ತು ಅವನ ಬೆನ್ನಿಗೆ ಅಂಟಿಸಿ, ಅವನನ್ನು ಗೋಡೆಗೆ ಏರಿಸಿ, ಅವಳನ್ನು ದಿಂಬಿನೊಳಗೆ ಹೊಲಿದುಬಿಟ್ಟರು ಈ ಮನೆಯ ಗಂಡಸರು. ಒಬ್ಬೊಬ್ಬನನ್ನೂ ಗೋರಿಯಿಂದ ಎಬ್ಬಿಸಿ ಹೊಡೆಯಬೇಕು ಅನಿಸುತ್ತಿದೆ.

ಬದುಕಿರುವವನು ಒಬ್ಬನೇ.

ಏಪ್ರಿಲ್ ೪, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹತ್ತು ಗಂಟೆ. ಅಂಗಡಿಯಲ್ಲಿ ಬಡಿಯುತ್ತಿದ್ದೆ, ಬೆತ್ತ ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡೇ ಅಪ್ಪನ ಕೋಣೆಗೆ ಹೋದೆ, ಬೇಕೆಂದೇ ತೆಗೆದುಕೊಂಡು ಹೋದದ್ದಲ್ಲ. ಅಂಥವನನ್ನು ಅವಳು ಯಾಕೆ ಮದುವೆಯಾದಳು ಎಂದು ಕೇಳಿದೆ. ಎರಡು ದಿನದಿಂದ ಅದನ್ನೇ ಕೇಳುತ್ತಿದ್ದೆ. ಲೋಟ ಕಿಟಕಿಯ ಮೇಲಿತ್ತು.

“ಹೊಡೆಯೋನ ಹೆಂಡತೀನ ಕ್ಯಾಂಪಿನಲ್ಲಿ ಬೇರೆ ಯಾರೂ ಹೊಡೆಯೋ ಹಾಗಿರಲಿಲ್ಲ” ಎಂದ ಅಪ್ಪ. “ಹತ್ತು ಜನರ ಕೈಗಿಂತ ಒಬ್ಬನ ಕೈ ವಾಸಿ ಅಂತ ಬಂದಳು.”

ನನ್ನ ಮೈ ಉರಿಯಿತು. ಅವನ ತಲೆಯ ಪಕ್ಕ ಹಾಸಿಗೆಗೆ ಒಂದು ಏಟು ಹಾಕಿದೆ. ಧೂಳೆದ್ದಿತು. ನೀನು ನನ್ನನ್ನು ಹೊರಳಿಸಿ ಹೊಡೆದದ್ದು ತಪ್ಪು ಎನ್ನು, ತಮ್ಮನ ತೋಳು ಮುರಿದದ್ದು ತಪ್ಪು ಎನ್ನು, ಒಂದು ಸಲ ಹೇಳು ಸಾಕು ಎಂದೆ. ನಾನು ಅಳುತ್ತಿದ್ದೆ. ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. ಮಣಿಕಟ್ಟು, ಹೆಬ್ಬೆರಳು, ಬೆತ್ತ ಹಿಡಿದ ರೀತಿ. ನಾನು ಮೊದಲ ಹಾಸಿಗೆ ಬಡಿದ ದಿನ ಹೀಗೇ ನೋಡಿದ್ದ.

“ನಿನ್ನ ಕೈ ನನಗಿಂತ ಚೆನ್ನಾಗಿ ಕೂತಿದೆ, ಮಗಳೇ” ಎಂದ.

ಹೊಡೆದೆ. ಹಾಸಿಗೆಗಲ್ಲ. ಮೊದಲ ಏಟು ಸತ್ತ ತೋಳಿಗೆ ಬಿತ್ತು, ಎರಡನೆಯದು ಪಕ್ಕೆಗೆ. ಆಮೇಲೆ ಎಲ್ಲಿ ಬಿದ್ದವೋ ತಿಳಿಯದು. ಒಂದು ದನಿ ಎಣಿಸುತ್ತಿತ್ತು. ನಾನೇ ಎಣಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅಪ್ಪ ಎಣಿಸುತ್ತಿದ್ದ. ಸೊಟ್ಟ ಬಾಯಲ್ಲಿ, ಗಟ್ಟಿಯಾಗಿ, ನಮಗೆ ಕಲಿಸಿದ ಹಾಗೆ. ಐದು. ಆರು. ಏಳು. ಏಳಾದ ಮೇಲೆ, ನಾನು ಹೇಳದೆಯೇ, ಬಲಗೈಯಿಂದ ಕಂಬಿ ಹಿಡಿದು ಹೊರಳಲು ನೋಡಿದ. ಅವನ ಕೈಯಲ್ಲಿ ಆಗಲಿಲ್ಲ.

“ಮಗುಚು” ಎಂದೆ. ಅದು ನನ್ನ ದನಿಯೇ.

ಆಗ ಬಾಗಿಲಲ್ಲಿ ಮಗಳು ನಿಂತಿದ್ದಳು. ನರ್ಸಮ್ಮ ಅವಳಿಗೆ ಫೋನ್ ಮಾಡಿದ್ದಳಂತೆ. ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಿದ್ದಳು. ಅವಳು ನನ್ನಿಂದ ಮುಚ್ಚಿಕೊಂಡದ್ದು. ಇಲ್ಲಿ ಇನ್ಯಾರೂ ಇರಲಿಲ್ಲ.

ಕಿಟಕಿಯ ಮೇಲಿನ ಲೋಟ ತೆಗೆದು ಅಜ್ಜನಿಗೆ ಕುಡಿಸಿದಳು. ಅಳಿಯನಿಗೂ ಆಂಬುಲೆನ್ಸಿಗೂ ಫೋನ್ ಮಾಡಿದಳು. ಅದು ಬರುವವರೆಗೆ ಮಂಚದ ಅಂಚಿಗೆ ಕೂತು, ತನ್ನ ಬೆನ್ನನ್ನು ನನಗೆ ಅಡ್ಡ ಮಾಡಿಕೊಂಡಿದ್ದಳು. ಹೋಗುವಾಗ ಹಾಳೆಯಲ್ಲಿದ್ದ ನನ್ನ ಚೌಕದ ಅಡ್ಡಗೀಟನ್ನು ಬ್ಲೇಡಿನಿಂದ ಕೆರೆದಳು.

“ಇಷ್ಟು ದಿನ ಕಾದೆ, ನೀನೇ ಬರೀತೀಯ ಅಂತ. ಬರೆದಾಗ ತಗೊಂಡು ಬಾ.”

ಏಪ್ರಿಲ್ ೫, ಭಾನುವಾರ

ಎರಡು ಪಕ್ಕೆಲುಬು. ಕಿರುಬೆರಳು ಮುರಿದಿತ್ತಂತೆ, ವಾರದ ಹಿಂದೆಯೇ.

ಏಪ್ರಿಲ್ ೧೯, ಭಾನುವಾರ

ಪೊಲೀಸಿನವರು ಎರಡು ಸಲ ಬಂದು ಹೋದರು. ಅಪ್ಪ ತಾನೇ ಬಿದ್ದದ್ದು ಎಂದು ಹೇಳಿದ್ದಾನಂತೆ. ಏಳು ಕಡೆ ಹೇಗೆ ಬಿದ್ದೆ ಎಂದರೂ ಅದನ್ನೇ ಹೇಳಿದನಂತೆ. ಕಂಬಿ ತಾಗಿತು ಎಂದು ನಾನು ಹೇಳಿದ ಹಾಗೆಯೇ. ಆಸ್ಪತ್ರೆಯಿಂದ ಮಗಳು ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಅವಳಿಗೂ ಅವನು ಹೊಡೆದಿದ್ದಾನೆ, ಎರಡು ಸಲ, ಬೆತ್ತದಲ್ಲಿ. ಆದರೂ ಕರೆದುಕೊಂಡು ಹೋದಳು.

ಅಂಗಡಿ ಮುಚ್ಚಿದೆ. ಕೆಳಗೆರೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ: ‘ಸಿಟ್ಟಿನಲ್ಲಿ, ಅಪ್ಪನನ್ನು, ಒಂದು ಸಲ.’ ಅಳಿಸಿದೆ. ‘ಅಪ್ಪ ಮಾಡಿದ್ದಕ್ಕೆ’ ಎಂದು ಬರೆದೆ. ಅಳಿಸಿದೆ. ಹಾಳೆ ಅಲ್ಲಿ ತೆಳ್ಳಗಾಗಿದೆ.

ಈ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದೆ. ದವಡೆ. ಲೋಟ. ಬೆರಳು. ಬರೆದವಳು ನಾನೇ, ಕೈಬರಹ ನನ್ನದೇ. ಬಲಗಡೆಯ ಕಾಲಂ ಇದರಲ್ಲೂ ಇತ್ತು.

ಮೇ ೧೦, ಭಾನುವಾರ

ತಮ್ಮ ಫೋನ್ ಮಾಡಿದ. ಬುಧವಾರ ಹೆರಿಗೆಯಾಯಿತಂತೆ. ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ. ಅವನಿಗೆ ಮೊದಲು ತಿಳಿಸಿದ್ದಾಳೆ. ಇರಲಿ.

ಕಪಾಟಿನಿಂದ ಒಳ್ಳೆಯ ಹತ್ತಿ ತೆಗೆದೆ. ಬೆತ್ತ ಮುಟ್ಟಲಿಲ್ಲ. ಬೆರಳಿನಲ್ಲಿ ಹಿಂಜಿದೆ, ಚೂರು ಚೂರೇ, ಎಣಿಸದೆ. ಹೀಗೆ ಯಾರೂ ಮಾಡುವುದಿಲ್ಲ, ಒಂದು ಮೊಳದ ಹಾಸಿಗೆಗೆ ನಾಲ್ಕು ದಿನ ಬೇಕು. ಎಣಿಸದೆ ಇರುವುದೇ ಕಷ್ಟ. ಕೈ ತಾನಾಗಿ ಏಳಕ್ಕೆ ನಿಲ್ಲುತ್ತದೆ. ಆಗ ಎದ್ದು ನೀರು ಕುಡಿದು ಬಂದು ಮತ್ತೆ ಕೂರುತ್ತೇನೆ.

ಮೇ ೧೭, ಭಾನುವಾರ

ಹಾಳೆಯಲ್ಲಿ ಬರೆದೆ. ಪೆನ್ನಿನಲ್ಲಿ. ‘ಮಗಳನ್ನು, ಕೈಯಿಂದ, ಐದು ವರ್ಷದಿಂದ ಹದಿನಾಲ್ಕರವರೆಗೆ. ಒಂದು ಕಿವಿ ಹೋಯಿತು. ಅಪ್ಪನನ್ನು, ಮಲಗಿದ್ದಾಗ, ಬಾಯಾರಿಸಿ, ಕೈಯಿಂದ, ಬೆತ್ತದಿಂದ.’ ಜಾಗ ಸಾಲದೆ ಅಂಚಿಗೆ ಹೋಗಿದೆ. ಮುತ್ತಜ್ಜಿಯ ಚೌಕದಲ್ಲಿ ಅವಳ ನಂಬರು ಬರೆದು, ಅವಳ ಗೆರೆಗಳನ್ನು ಅವಳಿಗೇ ಕೊಟ್ಟೆ.

ಹಾಸಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಹಾಳೆ ಸುತ್ತಿಕೊಂಡು ಎರಡು ಬಸ್ಸು ಬದಲಾಯಿಸಿ ಹೋದೆ. ನಾಲ್ಕನೇ ಮಹಡಿ. ಬಾಗಿಲು ತೆರೆದವಳು ಮಗಳೇ, ಹೆಗಲ ಮೇಲೆ ಮಗು. ಕೂದಲು ಮಾತ್ರ ಕಂಡಿತು, ಬೆರಳಿನಷ್ಟಿರುವ ಒಂದು ಕಿವಿ ಕಂಡಿತು. ಹಾಳೆ ಕೊಟ್ಟೆ. ನಿಂತಲ್ಲೇ ಬಿಡಿಸಿ ಓದಿದಳು. ತುಂಬ ಹೊತ್ತು ಓದಿದಳು. ಆಮೇಲೆ ಹಾಸಿಗೆ ಇಸಿದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

“ಬೆತ್ತ ಮುಟ್ಟಿಲ್ಲ” ಎಂದಳು. ಹಾಸಿಗೆಯವರ ಮನೆಯ ಹುಡುಗಿ, ಹೆಬ್ಬೆರಳಿಗೆ ಗೊತ್ತಾಗುತ್ತದೆ. ಮುಟ್ಟಿಲ್ಲ ಎಂದೆ. ಅವಳು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಒಳಗೆ ಬಾ ಅನ್ನುವವಳೇ ಇದ್ದಳು, ನನಗೆ ಗೊತ್ತು.

“ಮಗು ಹೇಗಿದೆ?” ಎಂದೆ, ಸ್ವಲ್ಪ ಗಟ್ಟಿಯಾಗಿ, ಅವಳ ಕೇಳುವ ಕಿವಿಗೆ.

ಒಳಕೋಣೆಯಿಂದ ಅಪ್ಪನ ದನಿ ಬಂತು. ನನ್ನ ದನಿ ಅವನಿಗೆ ಕೇಳಿಸಿತ್ತು.

“ಒಂದು” ಎಂದ. “ಎರಡು.”

ಮಗಳು ನನ್ನ ಮುಖ ನೋಡಿದಳು. ನಾನು ಅವಳ ಹೆಗಲ ಮೇಲಿನ ಆ ಪುಟ್ಟ ಕಿವಿ ನೋಡಿದೆ. ಅದಕ್ಕೂ ಕೇಳಿಸುತ್ತಿತ್ತು.

“ಮೂರು.”

ನಾನು ಬಾಯಿ ತೆರೆಯಲಿಲ್ಲ. ಹಿಂದಕ್ಕೆ ತಿರುಗಿ, ಕಂಬಿ ಹಿಡಿದುಕೊಂಡು, ಅವನು ಏಳಕ್ಕೆ ಬರುವ ಮೊದಲೇ ಮೆಟ್ಟಿಲಿಳಿದೆ.